ಆರಕ್ಕೊಂದು ಮಾಸಿದ ಲೇಬಲ್

ಮಾರ್ಚ್ ೧೧, ಬೆಳಿಗ್ಗೆ ೯.೧೦. ಜತ್ತ–ಕರಜಗಿ ರಸ್ತೆಯಲ್ಲಿರುವ ನಮ್ಮ ಕಾಕಾನ ಒಣದ್ರಾಕ್ಷಿ ಶೆಡ್ಡಿನಲ್ಲಿ ಜಗಳ ಶುರುವಾದದ್ದು ಆಗ. ಲೇಬಲ್ ಅಚ್ಚು ಹಾಕುವ ಕೆಲಸ ನನ್ನದು.

ಕೋಲ್ಡ್ ಸ್ಟೋರೇಜಿನ ಗಾಡಿ ಬಂದಿತ್ತು. ಇನ್ನೂರು ಪೆಟ್ಟಿಗೆಗಳಲ್ಲಿ ಮೂವತ್ತೈದರ ಮಾಸಿದ ಬಾರ್‌ಕೋಡನ್ನು ಡ್ರೈವರನ ಸ್ಕ್ಯಾನರ್ ಓದಲಿಲ್ಲ. ಅವನು ಒಂದು ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಬಡಿದ. ಅದು ಒಡೆದು ಒಣದ್ರಾಕ್ಷಿ ಬಾಗಿಲವರೆಗೆ ಚೆಲ್ಲಿತು.

"ಇದನ್ನ ಯಾರು ಓದಬೇಕ್ರಿ? ನಿಮ್ಮಪ್ಪ ಬಂದು ಓದ್ತಾನೇನು?"

ಕಾಕಾ ಸಿಟ್ಟನ್ನು ಪ್ರಿಂಟರ್ ಮೇಲೆ ತೀರಿಸಿಕೊಂಡ. ಮುಚ್ಚಳಕ್ಕೆ ಎರಡು ಗುದ್ದಿದ. ನಾನು ಬೇಡ ಎನ್ನುವುದರೊಳಗೆ ಬ್ಲೇಡ್ ತೆಗೆದು, ಶಾಯಿ ಕರಗಿಸುವ ಹೆಡ್ಡನ್ನು ಕೆರೆದ. ಆಮೇಲೆ ಪೆಟ್ಟಿಗೆಗೆ ಲೇಬಲ್ ಅಂಟಿಸುವ ಹಮಾಲನತ್ತ ತಿರುಗಿದ.

"ಎಣ್ಣಿ ಕೈಲೆ ಚೀಟಿ ಒರಸಬ್ಯಾಡ ಅಂತ ಎಷ್ಟ ಸಲ ಹೇಳ್ಬೇಕೋ?"

"ನಾ ಒರಸಿಲ್ರಿ ಸಾವ್ಕಾರ್ರ. ಮಷೀನಿಂದನ ಹಂಗ ಬಂದೈತಿ."

ಕಾಕಾ ಹೊಡೆದ ಹೊಡೆತಕ್ಕೆ ಹಮಾಲ ತಕ್ಕಡಿಯ ಅಂಚಿನ ಮೇಲೆ ಬಿದ್ದ. ಹುಬ್ಬು ಸೀಳಿತು. ಎದ್ದವನೇ ಕಾಕಾನ ಕೊರಳಪಟ್ಟಿ ಹಿಡಿದು ಗೋಡೆಗೆ ಎರಡು ಸಲ ಅಪ್ಪಳಿಸಿದ. ಡ್ರೈವರ್ ನಡುವೆ ನುಗ್ಗಿ ಬಿಡಿಸಿದ. ಹಮಾಲ ಹೆಗಲ ಟವೆಲನ್ನು ಕಣ್ಣಿಗೆ ಒತ್ತಿಕೊಂಡು ಹೋದ. ತನ್ನೂರು ಅಸಂಗಿಗೆ ನಡೆದೇ ಹೋದನಂತೆ. "ಇನ್ನ ಈ ಬಾಗಲಾ ತುಳದ್ರ ಕಾಲ ಮುರೀತೀನಿ" ಎಂದು ಕಾಕಾ ಹಿಂದಿನಿಂದ ಕೂಗಿದ. ಹನ್ನೆರಡು ವರ್ಷ ದುಡಿದವನು ಕಳ್ಳನ ಹಾಗೆ ಹೊರಬಿದ್ದ.

ಮರುದಿನ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಹೆಡ್, ರಬ್ಬರ್ ರೋಲರ್ ಎರಡನ್ನೂ ಒರೆಸಿದೆ. ಪ್ರಿಂಟರಿನ ಶಾಖದ ಅಂಕಿಯನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದೆ, ವೇಗವನ್ನು ಆರರಿಂದ ನಾಲ್ಕಕ್ಕೆ ಇಳಿಸಿದೆ. ಅಕ್ಷರ ಕಪ್ಪಾದವು. ಕಂಪ್ಯೂಟರಿನಿಂದ ಒಂದೊಂದೇ ಲೇಬಲ್ ಕಳಿಸುವ ಬದಲು ಇನ್ನೂರನ್ನೂ ಒಟ್ಟಿಗೆ ಕಳಿಸಿದೆ. ಇಪ್ಪತ್ತೆರಡು ನಿಮಿಷದ ಕೆಲಸ ಎರಡು ನಿಮಿಷಕ್ಕಿಳಿಯಿತು. ಆದರೂ ಎಡ ಅಂಚಿನಲ್ಲಿ ಅಲ್ಲಲ್ಲಿ ಮಾಸಲು.

ಮಾಸಿದ್ದಕ್ಕೆಲ್ಲ ಗೀಟು ಹಾಕುತ್ತ ಹೋದೆ. ಆರನೆಯದು, ಹನ್ನೆರಡನೆಯದು, ಹದಿನೆಂಟನೆಯದು. ಲೇಬಲ್ ರೋಲು ಸಣ್ಣದಾದಂತೆ ಐದಕ್ಕೊಂದು, ಕೊನೆಗೆ ನಾಲ್ಕಕ್ಕೊಂದು. ಅಂದರೆ ರೋಲು ಒಂದು ಸುತ್ತು ಬಿಚ್ಚಿದಾಗಲೆಲ್ಲ ಒಂದು ಕಲೆ. ಯಾರೋ ರೋಲಿನ ಪಕ್ಕವನ್ನೇ ಎಣ್ಣೆ ಕೈಯಿಂದ ಹಿಡಿದಿದ್ದರು. ಅಂಚಿಗೆ ಇಳಿದ ಎಣ್ಣೆಯ ಮೇಲೆ ಶಾಯಿ ಹಿಡಿಯುತ್ತಿರಲಿಲ್ಲ.

ರೋಲು ಹಾಕುವವಳು ನಾನೊಬ್ಬಳೇ. ಬೆಳಿಗ್ಗೆ ಹೊಳಪಿಗೆ ಎಣ್ಣೆ ಸವರಿದ ಒಣದ್ರಾಕ್ಷಿಯನ್ನು ಟ್ರೇಯಿಂದ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳದೆ ನಾನು ಕುರ್ಚಿಯಲ್ಲಿ ಕೂರುವುದಿಲ್ಲ.

ಮಾರ್ಚ್ ೧೩, ೧೦.೪೦. ಒಣದ್ರಾಕ್ಷಿ ಆರಿಸುವ ಏಳು ಹೆಂಗಸರ ಮುಂದೆ ಮಾಸಿದ ಲೇಬಲ್‌ಗಳ ಲೆಕ್ಕ ಓದಿದೆ. "ಅವಂದೇನೂ ತಪ್ಪಿಲ್ಲ ಕಾಕಾ, ತಪ್ಪು ನಂದು" ಎಂದೆ. ಕಾಕಾ ನನ್ನ ವಹಿಯನ್ನು ಕಿತ್ತು ಎಣ್ಣೆ ಟ್ರೇಗೆ ಎಸೆದ. ಕೆನ್ನೆಗೆ ಹೊಡೆದ. ಎಡಗಿವಿ ಗುಂಯ್ ಎಂದಿತು. ಎರಡನೆಯ ಸಲ ಕೈ ಎತ್ತಿದಾಗ ಎಲ್ಲರಿಗಿಂತ ಹಿರಿಯ ಆಯಿ ಕುಳಿತಲ್ಲಿಂದಲೇ ಕೇಳಿದಳು:

"ಹೊಡೀರಿ ಸಾವ್ಕಾರ್ರ. ಇಕಿ ಆದ ಮ್ಯಾಲೆ ಯಾರ ಪಾಳೇ ಐತಿ, ಹೇಳ್ರಿ. ನಾವೂ ಮುಖಾ ತೊಳಕೊಂಡ ಕುಂದ್ರತೀವಿ."

ಯಾರೂ ನಗಲಿಲ್ಲ. ಕಾಕಾನ ಕೈ ಇಳಿಯಿತು. ಅವನು ಹೊರಗೆ ಹೋಗಿ ಮೋಟರ್‌ಸೈಕಲ್ ಒದ್ದು ಶುರು ಮಾಡಿದ. ಅಸಂಗಿಯ ಕಡೆ ತಿರುಗಿದ್ದನ್ನು ಎಂಟು ಜನ ನೋಡಿದೆವು. ಅಲ್ಲಿ ಏನು ಹೇಳಿದನೋ, ನಮಗೆ ಹೇಳಲಿಲ್ಲ.

ಮಾರ್ಚ್ ೧೫, ೮.೨೦. ಹಮಾಲ ಬಂದ, ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಕಾಕಾನತ್ತ ನೋಡದೆ ಪೆಟ್ಟಿಗೆ ಇಳಿಸತೊಡಗಿದ. ನಾನು ಹೊಸ ರೋಲಿಗೆ ಕೈ ಹಾಕಿದೆ.

"ಕೈ ತೊಳದ್ರ್ಯಾ, ಅಕ್ಕಾರ?" ಎಂದ ಹಮಾಲ.

ತೊಳೆದಿದ್ದೆ. ಮತ್ತೆ ತೊಳೆದು ಬಂದೆ.

ಅಂದಿನ ಇನ್ನೂರರಲ್ಲಿ ಮಾಸಿದ್ದು ಒಂದೂ ಇಲ್ಲ. ಆದರೆ ಬ್ಲೇಡ್ ಗೀರಿದ ಜಾಗದಲ್ಲಿ ಪ್ರತಿ ಲೇಬಲ್ ಮೇಲೂ ಉದ್ದಕ್ಕೆ ಒಂದು ಬಿಳಿ ಗೆರೆ ಉಳಿದಿದೆ. ಬಾರ್‌ಕೋಡನ್ನು ಅಡ್ಡ ತಿರುಗಿಸಿದ್ದರಿಂದ ಸ್ಕ್ಯಾನರ್ ಹೇಗೋ ಓದುತ್ತದೆ. ಗೀರು ಬಿದ್ದ ಹೆಡ್ಡನ್ನು ಬದಲಿಸದೆ ಸರಿಮಾಡಿದವರು ಯಾರಾದರೂ ಇದ್ದರೆ, ಹೇಗೆಂದು ನನಗೆ ಬರೆದು ತಿಳಿಸಿ.