ಅಲ್ಯೂಮಿನಿಯಂ ಅಟ್ಟಣಿಗೆ

ನನ್ನ ದೊಡ್ಡಪ್ಪ ಸೇಫ್ಟಿ ಆಫೀಸರ್. ಏಣಿಯ ತುದಿಯ ಮೆಟ್ಟಿಲ ಮೇಲೆ ಕೂರಬಾರದು, ಕೆಳಗೆ ಹಿಡಿದುಕೊಳ್ಳುವವರಿಲ್ಲದೆ ಹತ್ತಬಾರದು, ಕೈಯಲ್ಲಿ ಏನನ್ನಾದರೂ ಹಿಡಿದುಕೊಂಡು ಹತ್ತಲೇಬಾರದು ಎಂದು ದಿನಾ ಬೆಳಿಗ್ಗೆ ಕೆಲಸಗಾರರನ್ನು ನಿಲ್ಲಿಸಿ ಹಿಂದಿಯಲ್ಲಿ ಬೋಧಿಸುವುದಕ್ಕೆ ಅವರಿಗೆ ಸಂಬಳ ಬರುತ್ತದೆ. ಅಂಥವರು ಒಂದು ಸಂಜೆ ಕೈಯಲ್ಲಿ ರಬ್ಬರ್ ಕವಣೆ ಹಿಡಿದು, ಕೆಳಗೆ ಯಾರೂ ಇಲ್ಲದೆ, ಏಣಿಯ ತುದಿಯ ಮೆಟ್ಟಿಲ ಮೇಲೆ ಕೂತು ನಾಯಿಗಳಿಗಾಗಿ ಕಾದರು. ತಲೆಗೆ ಹೆಲ್ಮೆಟ್ ಹಾಕಿದ್ದರು ಎಂಬುದನ್ನು ಅವರ ಪರವಾಗಿ ಹೇಳಬೇಕು.

ನಾನು ಹಿದ್‌ನ ಶಿಪ್ಪಿಂಗ್ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ಕೊಲ್ಲಿ ದೇಶದಲ್ಲಿ ಒಂಟಿ ಹುಡುಗಿ ಬಾಡಿಗೆ ಮನೆ ಮಾಡುವುದು ಬೇಡ ಎಂದು ಊರಿನಲ್ಲಿ ನಿರ್ಧಾರವಾದ್ದರಿಂದ ದೊಡ್ಡಪ್ಪ ದೊಡ್ಡಮ್ಮನ ಜೊತೆಗಿದ್ದೇನೆ. ಮನೆ ಇರುವುದು ಅವಾಲಿಯ ಕಡೆಗೆ, ವಿಲ್ಲಾಗಳ ಸಾಲು ಮುಗಿದು ಮರಳು ಶುರುವಾಗುವಲ್ಲಿ. ನಮ್ಮ ಕಾಂಪೌಂಡಿನ ಆಚೆ ಒಂದು ಖಾಲಿ ಜಾಗ. ಅದರಾಚೆ ಏನೂ ಇಲ್ಲ.

ಈ ದೇಶದಲ್ಲಿ ಕಾರು ಓಡಿಸಲು ಬಾರದವರು ಸೋಫಾದ ಹಾಗೆ. ಯಾರಾದರೂ ಎತ್ತಿಕೊಂಡು ಹೋದರೆ ಮಾತ್ರ ಹೊರಗೆ ಹೋಗಬಹುದು. ದೊಡ್ಡಮ್ಮನಿಗೆ ಕಾರು ಬಾರದು. ಅವರು ಕಲಿಯುವುದು ಅಪಾಯಕರ ಎಂದು ವರ್ಷಗಳ ಹಿಂದೆಯೇ ಮನೆಯ ಸೇಫ್ಟಿ ಆಫೀಸರ್ ತೀರ್ಮಾನಿಸಿದ್ದರು. ಹಾಗಾಗಿ ದೊಡ್ಡಮ್ಮನಿಗೆ ಸ್ವಂತದ್ದು ಎಂದು ಇದ್ದದ್ದು ಒಂದೇ. ಬೆಳಿಗ್ಗೆ ನಡೆದುಕೊಂಡು ಇಲ್ಲಿಯವರು ಕೋಲ್ಡ್ ಸ್ಟೋರ್ ಎನ್ನುವ ಮೂಲೆಯ ದಿನಸಿ ಅಂಗಡಿಗೆ ಹೋಗುವುದು, ಪಕ್ಕದ ಒಲೆಯಿಂದ ಖುಬ್ಝ್ ಎಂಬ ಬಿಸಿ ರೊಟ್ಟಿ ತೆಗೆದುಕೊಳ್ಳುವುದು, ಅಲ್ಲಿಗೇ ಬರುವ ಉಡುಪಿಯ ಹೆಂಗಸೊಬ್ಬರ ಜೊತೆ ನಿಂತು ತುಳುವಿನಲ್ಲಿ ಮಾತಾಡುವುದು. ಬರೀ ರೊಟ್ಟಿ ತರುವುದಕ್ಕೆ ಅಷ್ಟು ಹೊತ್ತು ಬೇಡ ಎಂದು ದೊಡ್ಡಪ್ಪ ಆಗಾಗ ಹೇಳುತ್ತಿದ್ದರು. ದೊಡ್ಡಮ್ಮ ಅದೊಂದು ವಿಷಯದಲ್ಲಿ ಮಾತ್ರ ಕಿವಿ ಕೇಳಿಸದವರಂತಿದ್ದರು.

ಆಮೇಲೆ ನಾಯಿಗಳು ಬಂದವು. ಮರಳಿನ ಬಣ್ಣದ, ಉದ್ದ ಕಾಲಿನ ನಾಯಿಗಳ ಒಂದು ಗುಂಪು. ಕಿವಿ ಹರಿದ ಒಂದು ಹೆಣ್ಣುನಾಯಿ ಅದರ ಯಜಮಾನಿ. ಅವು ಬೇರೆ ಯಾರ ತಂಟೆಗೂ ಹೋಗುತ್ತಿರಲಿಲ್ಲ. ನನ್ನನ್ನಂತೂ ಕಂಬದಷ್ಟೂ ಲೆಕ್ಕಕ್ಕೆ ಇಡಲಿಲ್ಲ. ದೊಡ್ಡಮ್ಮ ಗೇಟು ತೆಗೆದರೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತಿದ್ದವು. ಒಂದು ಬೆಳಿಗ್ಗೆ ಅವರು ಖುಬ್ಝ್ ಬಿಸಾಡಿ, ಒಂದು ಚಪ್ಪಲಿಯನ್ನೂ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದರು. ಅಂದಿನಿಂದ ಹೊರಗೆ ಹೋಗಲಿಲ್ಲ. ಖುಬ್ಝ್ ನಾನು ಆಫೀಸಿನಿಂದ ಬರುವಾಗ ತರತೊಡಗಿದೆ. ಅದು ತಣ್ಣಗಿರುತ್ತಿತ್ತು. ದೊಡ್ಡಮ್ಮ ಹಗಲೆಲ್ಲ ಟಿವಿಯ ಸದ್ದು ಜೋರು ಮಾಡಿಕೊಂಡು ಮಲಗಿರುತ್ತಿದ್ದರು. ಅವರು ಸಣ್ಣಗಾಗುತ್ತಿರುವುದು ದೊಡ್ಡಪ್ಪನಿಗೂ ಕಾಣಿಸಿತು.

ನಾಯಿ ಹಿಡಿಯುವವರಿಗೆ ಫೋನ್ ಮಾಡಿ ಎಂದು ಪಕ್ಕದ ಮನೆಯವರು ಹೇಳಿದರು. ಬೇಟೆಯಾಡಿದ ಮನೆತನದವರು ಫೋನ್ ಮಾಡುವುದುಂಟೇ? ದೊಡ್ಡಪ್ಪ ಹೇಳುವ ಬೇಟೆಯ ಕಥೆಗಳಲ್ಲಿ ನಮ್ಮೂರಿನ ಗುಡ್ಡದ ಹಂದಿಗಳೆಲ್ಲ ಎಂದೋ ಮುಗಿದುಹೋಗಿದ್ದವು. ಮರದ ಮೇಲೆ ಅಟ್ಟಣಿಗೆ ಕಟ್ಟಿ ಕೂರುವ ಕ್ರಮವನ್ನು ಅವರು ಊಟದ ಮಧ್ಯೆ ಕೈ ತಿರುಗಿಸಿ ವಿವರಿಸುತ್ತಿದ್ದರು. ಅಟ್ಟಣಿಗೆಯಲ್ಲಿ ಕೂತದ್ದು ಇವರ ಅಣ್ಣ, ಇವರು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋಗುತ್ತಿದ್ದದ್ದು ಎಂಬುದು ದೊಡ್ಡಮ್ಮ ನನಗೆ ಅಡುಗೆಮನೆಯಲ್ಲಿ ಕೊಟ್ಟ ತಿದ್ದುಪಡಿ.

ಇಲ್ಲಿ ಮರ ಇರಲಿಲ್ಲ. ಇದ್ದ ಖರ್ಜೂರದ ಗಿಡ ನನ್ನ ಭುಜಕ್ಕೆ ಬರುತ್ತಿತ್ತು. ಆದ್ದರಿಂದ ಸ್ಟೋರ್ ರೂಮಿನಲ್ಲಿದ್ದ, ಎರಡೂ ಬದಿಗೆ ಕಾಲು ಚಾಚಿ ನಿಲ್ಲುವ ಅಲ್ಯೂಮಿನಿಯಂ ಏಣಿಯನ್ನು ಹೊರತಂದು ಖಾಲಿ ಜಾಗದ ನಡುವೆ ನಿಲ್ಲಿಸಿದರು. ಸ್ವಲ್ಪ ದೂರದಲ್ಲಿ ಆಡಿನ ಮೂಳೆಗಳನ್ನು ಇಟ್ಟರು. ಕೊಲ್ಲುವುದಿಲ್ಲ, ಪಾಠ ಕಲಿಸುವುದು ಮಾತ್ರ ಎಂದರು. ನಾನು, ಏಣಿ ದೂರಕ್ಕೂ ಕಾಣುತ್ತದಲ್ಲ ಎಂದು ಕೇಳಿದೆ.

"ಪ್ರಾಣಿಗಳು ಮೇಲೆ ನೋಡುವುದಿಲ್ಲ ಮಗಾ," ಎಂದರು ದೊಡ್ಡಪ್ಪ. "ಅವುಗಳ ಲೋಕ ಎಲ್ಲ ನೆಲದಲ್ಲೇ. ಅಟ್ಟಣಿಗೆಯ ಗುಟ್ಟೇ ಅದು."

ಹೀಗೆ ಹೇಳಿ ಅವರು ಸೈಟಿನ ಹಸಿರು ಜಾಕೆಟ್ ತೊಟ್ಟುಕೊಂಡರು. ಬೆಳಕು ಬಿದ್ದರೆ ಹೊಳೆಯುವಂಥದ್ದು. ಬೇಟೆಗೆ ಹೊರಟವರು ಎದ್ದು ಕಾಣಲೆಂದೇ ತಯಾರಾದ ಬಟ್ಟೆ ಹಾಕಿಕೊಳ್ಳುವ ಕಾರಣವನ್ನು ನಾನು ಕೇಳಲಿಲ್ಲ. ನನ್ನನ್ನು ಟೆರೇಸಿಗೆ ಕಳುಹಿಸಿದರು. ನಾಯಿಗಳು ಬರುವುದು ಕಂಡರೆ ಮೆಸೇಜ್ ಮಾಡಬೇಕಿತ್ತು.

ಮಸೀದಿಯಲ್ಲಿ ಸಂಜೆಯ ಬಾಂಗ್ ಆದ ಮೇಲೆ ಅವು ಬಂದವು. ಮೆಸೇಜ್ ಮಾಡಿದೆ. ದೊಡ್ಡಪ್ಪನ ಜೇಬಿನಲ್ಲಿ ಫೋನು ಗಟ್ಟಿಯಾಗಿ ಹಾಡಿತು. ಹಂದಿಯಾಗಿದ್ದರೆ ಓಡುತ್ತಿತ್ತು. ಈ ನಾಯಿಗಳು ಮೂಳೆಗಳನ್ನು ಮೂಸಿಯೂ ನೋಡದೆ ನೇರವಾಗಿ ಏಣಿಯ ಬುಡಕ್ಕೆ ಬಂದು, ಸುತ್ತ ಕೂತು, ತಲೆಯೆತ್ತಿ ದೊಡ್ಡಪ್ಪನನ್ನೇ ನೋಡಿದವು. ಎಲ್ಲವೂ. ಬಾಲ ಮರಳನ್ನು ಗುಡಿಸುತ್ತಿತ್ತು.

ಬೇಟೆಗಾರರು ಕವಣೆ ಎಳೆದು ಒಂದು ಕಲ್ಲು ಬಿಟ್ಟರು. ನಾಯಿಗಳು ಸಂತೋಷದಿಂದ ಕಲ್ಲಿನ ಹಿಂದೆ ಓಡಿ, ಅದನ್ನು ಮೂಸಿ, ನಿರಾಶೆಯಿಂದ ವಾಪಸು ಬಂದು ಮತ್ತೆ ಕೂತವು. ಇನ್ನೊಂದು ಕಲ್ಲು. ಅದೇ ಉತ್ಸಾಹ, ಅದೇ ನಿರಾಶೆ. ಆಮೇಲೆ ಹರಿದ ಕಿವಿಯವಳು ಎದ್ದು, ಬೇಗ ಕೊಡಬಾರದೇ ಎಂಬಂತೆ ಮುಂಗಾಲುಗಳನ್ನು ಮೊದಲ ಮೆಟ್ಟಿಲ ಮೇಲಿಟ್ಟಳು. ಏಣಿ ಅಲುಗಿತು. ಕವಣೆ ಕೆಳಗೆ ಬಿತ್ತು, ಒಂದು ಮರಿ ಅದನ್ನು ಕಚ್ಚಿಕೊಂಡು ಹೋಯಿತು.

ನನ್ನ ಫೋನು ರಿಂಗಾಯಿತು. "ದೊಡ್ಡಮ್ಮನಿಗೆ ಹೇಳಬೇಡ," ಎಂದರು ದೊಡ್ಡಪ್ಪ ಪಿಸುದನಿಯಲ್ಲಿ. "ಏನಾದರೂ ಮಾಡು."

ಅಷ್ಟರಲ್ಲಿ ಹಿಂದೆ ಬಾಗಿಲು ತೆರೆಯಿತು. ದೊಡ್ಡಮ್ಮ ಟೆರೇಸಿಗೆ ಬಂದಿದ್ದರು, ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ. ಅಂಜಲ್ ಮೀನಿನ ವಾಸನೆ ನನಗೇ ಬಂತು. ಕೆಳಗೆ ಎಲ್ಲ ತಲೆಗಳೂ ಒಟ್ಟಿಗೆ ನಮ್ಮತ್ತ ತಿರುಗಿದವು. ಬಾಲಗಳ ವೇಗ ಹೆಚ್ಚಿತು. ಏಣಿಯ ಮೇಲಿನವರನ್ನು ಯಾರೂ ಲಕ್ಷಿಸಲಿಲ್ಲ.

ನಾನು ಚೀಲವನ್ನು ನೋಡಿದೆ. ದೊಡ್ಡಮ್ಮನೂ ಅದನ್ನು ನೋಡಿಕೊಂಡರು. ಕಸದ ತೊಟ್ಟಿ ಬೀದಿಯಲ್ಲಿ ಉಂಟಲ್ಲ, ಈ ವಾಸನೆಯ ಚೀಲ ಹಿಡಿದು ಅಲ್ಲಿಗೆ ಹೋಗಲು ಧೈರ್ಯ ಬರುವುದಿಲ್ಲ, ಅದಕ್ಕೆ ನಾಯಿಗಳು ಮೊದಲು ಕಾಣಿಸಿಕೊಂಡಾಗಿನಿಂದ ಮೂಳೆ, ಮೀನಿನ ತಲೆ ಎಲ್ಲ ಇಲ್ಲಿಂದಲೇ ಎಸೆಯುತ್ತೇನೆ, ಅವು ಆ ಕಡೆಯೇ ಇರಲಿ, ಗೇಟಿನ ಹತ್ತಿರ ಬಾರದಿರಲಿ ಎಂದು ಹೀಗೆ ಮಾಡುವುದು ಎಂದರು ದೊಡ್ಡಮ್ಮ. ತಪ್ಪು ಮಾಡಿದ ಮುಖವೇನೂ ಇರಲಿಲ್ಲ. ಯೋಜನೆಯನ್ನು ವಿವರಿಸುವವರ ಮುಖವೇ ಇತ್ತು.

"ದೊಡ್ಡಮ್ಮ," ಎಂದೆ, "ಅವು ನಿಮ್ಮನ್ನು ಕಚ್ಚಲು ಓಡಿ ಬಂದದ್ದಲ್ಲ. ಮೇಲಿನಿಂದ ಊಟ ಹಾಕುವವರ ಗುರುತು ಸಿಕ್ಕಿ ಬಂದದ್ದು."

ಅವರು ಕೆಳಗೆ ನೋಡಿದರು. ಏಣಿಯ ಮೇಲೆ ಹಸಿರು ಜಾಕೆಟ್ ಹೊಳೆಯುತ್ತಿತ್ತು. ಆಮೇಲೆ ಚೀಲ ಹಿಡಿದು ಮೆಟ್ಟಿಲಿಳಿದರು. ನಾನು ಹಿಂದೆಯೇ ಹೊರಟೆ.

"ನೀನು ಬರುವುದು ಬೇಡ," ಎಂದರು.

ಗೇಟಿನ ಚಿಲಕವನ್ನು ಅವರು ಒಮ್ಮೆ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದದ್ದು ನನಗೆ ಮೆಟ್ಟಿಲಿನಿಂದಲೇ ಕಂಡಿತು. ನಾಯಿಗಳು ಓಡಿ ಬಂದವು. ದೊಡ್ಡಮ್ಮ ಕಣ್ಣು ಮುಚ್ಚಿ ನಿಂತರು. ಅವು ಅವರ ಸೀರೆಯ ಸುತ್ತ ತಿರುಗಿದವು, ಒಂದು ಸೀನಿತು. ಅಷ್ಟೇ ಆಯಿತು. ಅವರು ಕಣ್ಣು ತೆರೆದು ಖಾಲಿ ಜಾಗದ ತುದಿಯವರೆಗೆ ನಡೆದು, ಚೀಲ ಬಿಚ್ಚಿ ಸುರಿದರು. ತಿರುಗಿ ಗಂಡನನ್ನು ನೋಡಿ, "ಇಳಿಯಿರಿ ಮಾರಾಯ್ರೆ, ಚಳಿ ಆಗ್ತದೆ," ಎಂದರು.

ದೊಡ್ಡಪ್ಪ ಇಳಿದರು. ಗಾಳಿಯ ದಿಕ್ಕು ಸರಿ ಇರಲಿಲ್ಲ ಎಂದು ನನಗೆ ತಿಳಿಸಿದರು. ಏಣಿ ಮಡಚಿ ಗೇಟಿಗೆ ಒರಗಿಸಿ ನೋಡುವಾಗ ದೊಡ್ಡಮ್ಮ ಮನೆಯ ಕಡೆ ಬರುತ್ತಿರಲಿಲ್ಲ. ಬೀದಿಯ ಆಚೆ ತುದಿಗೆ ನಡೆಯುತ್ತಿದ್ದರು. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ. ಕಾರು ತರುತ್ತೇನೆ ಎಂದು ದೊಡ್ಡಪ್ಪ ಕೀಲಿಗೆ ಜೇಬು ತಡಕಿದರು. ಬೇಡ ಎಂದೆ. ಆ ಮನೆಯಲ್ಲಿ ನಾನು ಅವರಿಗೆ ಬೇಡ ಎಂದದ್ದು ಅದೇ ಮೊದಲು. ಇಬ್ಬರೂ ಗೇಟಿನಲ್ಲಿ ನಿಂತು ಕಾದೆವು.

ದೊಡ್ಡಮ್ಮ ವಾಪಸು ಬಂದಾಗ ಕೈಯಲ್ಲಿ ಬಿಸಿ ಖುಬ್ಝ್ ಇತ್ತು. ಹಿಂದೆ ಸ್ವಲ್ಪ ದೂರದಲ್ಲಿ ಹರಿದ ಕಿವಿಯವಳು. ಎಷ್ಟು ಹೊತ್ತು ಎಂದು ಕೇಳುವ ಬದಲು ದೊಡ್ಡಪ್ಪ ಗೇಟಿಗೆ ಒರಗಿಸಿದ್ದ ಏಣಿಯನ್ನು ದಾರಿಯಿಂದ ಸರಿಸಿದರು.

"ಅಂಗಡಿಯವ ಕೇಳಿದ, ಇಷ್ಟು ದಿನ ಕಾಣಲಿಲ್ಲ, ಊರಿಗೆ ಹೋಗಿದ್ದಿರಾ ಅಂತ," ಎಂದರು ದೊಡ್ಡಮ್ಮ ನನಗೆ.

"ಎಂತ ಹೇಳಿದಿರಿ?"

"ಹೌದು ಅಂದೆ. ಈಗಷ್ಟೇ ಬಂದೆ ಅಂದೆ."