ರಾಜನ ಚಿಕ್ಕಮ್ಮನ ಸೂತಕ

ಆ ದ್ವೀಪರಾಜ್ಯದಲ್ಲಿ ರಾಜನ ಕಾರು ಬಂದರೆ ರಸ್ತೆಯಲ್ಲಿ ನಿಂತವರೆಲ್ಲ ಇದ್ದಲ್ಲೇ ನೆಲಕ್ಕೆ ಕೂರಬೇಕು. ರಾಜನಿಗಿಂತ ಯಾರ ತಲೆಯೂ ಎತ್ತರ ಇರಬಾರದಂತೆ. ಸ್ವಯಂಸೇವಕಿಯಾಗಿ ಅಲ್ಲಿಯ ಶಾಲೆಗೆ ಗಣಿತ ಕಲಿಸಲು ಹೋದ ಅಂಕೋಲೆಯವಳು ನಾನು, ಮೊದಮೊದಲು ಕೆಸರಲ್ಲೇ ಕೂತು ಲಂಗ ಕೆಡಿಸಿಕೊಂಡು, ಮನಸ್ಸಿನಲ್ಲೇ ಚೆನ್ನಾಗಿ ಬೈದಿದ್ದೇನೆ. ಅಲ್ಲಿಯವರ ಮರ್ಯಾದೆಯ ಉಡುಪೆಂದು ಸೊಂಟಕ್ಕೆ ಚಾಪೆ ಸುತ್ತಿಕೊಳ್ಳದೆ ಪಾಠಕ್ಕೂ ಹೋಗುವಂತಿರಲಿಲ್ಲ. ಕೈಗಾ ನೌಕರರ ಬಸ್ಸು ಓಡಿಸುವ ಅಪ್ಪನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದರೆ ಅವನಿಗೆ ನಗು.

"ಚಾಪೆ ನಿನ್ ಸಂತಿಗೇ ಇದ್ರೆ ಒಳ್ಳೇದೇ ಆಯ್ತಲೇ, ಎಲ್ಲಿ ಬೇಕಾದ್ರೂ ಮನಿಕಂಬುಕೆ ಆತದೆ."

ಹೀಗಿರುವಾಗ ರಾಜನ ಚಿಕ್ಕಮ್ಮ ತೀರಿಕೊಂಡಳು. ಇಡೀ ರಾಜ್ಯ ಕರಿ ಬಟ್ಟೆ ಉಟ್ಟಿತು, ನಾನೂ ಉಟ್ಟೆ. ಅವಳನ್ನು ಮಣ್ಣು ಮಾಡುವವರೆಗೆ ದ್ವೀಪದ ದೋಣಿಗಳು ಕಡಲಿಗಿಳಿಯುವಂತಿಲ್ಲ. ವಿಮಾನ ಹತ್ತಬೇಕೆಂದರೆ ದೋಣಿಯಲ್ಲೇ ದೊಡ್ಡ ದ್ವೀಪಕ್ಕೆ ಹೋಗಬೇಕು.

ಅದೇ ವಾರ ಅಪ್ಪನ ಕರುಳು ತೂತಾಯಿತು. ಕಾರವಾರದ ಆಸ್ಪತ್ರೆಯಲ್ಲಿ ತುರ್ತು ಆಪರೇಷನ್ ಎಂದು ಶಾಲೆಯ ಫೋನಿಗೆ ಸುದ್ದಿ ಬಂತು. ನಾನು ದೋಣಿ ಕಟ್ಟುವ ದಕ್ಕೆಗೆ ಓಡಿದೆ. ದೋಣಿಯವನು ನನ್ನ ಕೈ ಹಿಡಿದುಕೊಂಡು ಅತ್ತನೇ ಹೊರತು ಹಗ್ಗ ಬಿಚ್ಚಲಿಲ್ಲ. ಅವನ ಮೇಲೆ ಸಿಟ್ಟು ಮಾಡಿ ಏನು ಬಂತು?

ನನ್ನ ಮೊಬೈಲಿಗೆ ಸಿಗ್ನಲ್ ಸಿಗುವುದೂ ಆ ದಕ್ಕೆಯ ಮೇಲೆಯೇ. ಅಷ್ಟರಲ್ಲಿ ಅಮ್ಮನ ವಿಡಿಯೊ ಕರೆ ಬಂತು. ನನ್ನನ್ನು ನೋಡಿದ್ದೇ ಅವಳ ಮುಖ ಬಿಳಿಚಿಕೊಂಡಿತು.

"ಅಪ್ಪ ಇನ್ನೂ ಜೀವಂತ ಇದ್ರಲೇ ಮಗಾ, ಈಗ್ಲೇ ಎಂತಕ್ಕೆ ಕರಿ ಉಟ್ಕಂಡೆ? ತೆಗಿ ಮೊದ್ಲು."

"ನಮಗಲ್ಲ ಅಮ್ಮಾ, ಇಲ್ಲಿ ರಾಜನ ಮನೆಯ ಸೂತಕ."

"ಯಾರದ್ದಾರೂ ಇರ್ಲಿ. ಆಪರೇಷನ್ನಿಗೆ ಹೋಗೋರ ಕಣ್ಣಿಗೆ ಕರಿ ಬೀಳೂದು ಬೇಡ. ಅವ್ರು ನಿನ್ ನೋಡ್ಬೇಕು ಅಂತೇ ಕಾಯ್ತೇ ಇದ್ರು."

ತೆಗೆಯುವುದೆಲ್ಲಿ? ಸುತ್ತ ಊರಿಗೆ ಊರೇ ಕರಿ ಉಟ್ಟು ಕೂತಿತ್ತು. ಮನೆಗೆ ಓಡಿದರೆ ಸಿಗ್ನಲ್ ಇಲ್ಲ. ಅತ್ತ ನರ್ಸ್ ಸ್ಟ್ರೆಚರ್ ಹಿಡಿದು ಅವಸರ ಮಾಡುತ್ತಿದ್ದಳು. ಅಮ್ಮನ ಹೆದರಿಕೆಯನ್ನು ಸುಳ್ಳು ಎನ್ನುವ ಧೈರ್ಯ ನನಗೂ ಬರಲಿಲ್ಲ. ಫೋನನ್ನು ಮುಖಕ್ಕೆ ಅಂಟಿಸುವಷ್ಟು ಹತ್ತಿರ ಹಿಡಿದೆ, ಕುತ್ತಿಗೆಯ ಕೆಳಗಿನದೇನೂ ಕಾಣದ ಹಾಗೆ.

ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ಅವನು ಕಣ್ಣು ಕಿರಿದು ಮಾಡಿ ನೋಡಿದ. "ದೂರ ಹಿಡಿ ಮಗಾ. ನಿನ್ ಪೂರಾ ಕಾಣೂಕಾಗೂದಿಲ್ಲ."

"ಇಲ್ಲಿ ಬೆಳಕು ಸರಿ ಇಲ್ಲ ಅಪ್ಪಾ" ಅಂದೆ. ಮಧ್ಯಾಹ್ನದ ಬಿಸಿಲು ನೆತ್ತಿ ಸುಡುತ್ತಿತ್ತು.

"ಒಂಚೂರು ದೂರ" ಅಂದ ಮತ್ತೆ. ನನ್ನ ಕೈ ಅಲುಗಲಿಲ್ಲ. ಅತ್ತ ನರ್ಸ್ ಅವನ ಕೈಯಿಂದ ಫೋನ್ ಈಸಿಕೊಂಡಳು.

ಅಪ್ಪ ಆ ಕೋಣೆಯಿಂದ ಜೀವಂತ ಬರಲಿಲ್ಲ. ದೋಣಿ ಬಿಡುವ ಹೊತ್ತಿಗೆ ಅಂಕೋಲೆಯಲ್ಲಿ ಎಲ್ಲ ಮುಗಿದಿತ್ತು. ಮನೆ ಮುಟ್ಟಿದ ದಿನ ಅಮ್ಮನನ್ನು ಕೇಳಿದೆ, ಒಳಗೆ ಹೋಗುವಾಗ ಅಪ್ಪ ಏನಾದರೂ ಹೇಳಿದನಾ ಅಂತ.

"ಹೇಳೂದೆಂತದು" ಅಂದಳು ಅಮ್ಮ. "ಅಷ್ಟು ದೂರದಿಂದ ಫೋನಲ್ಲಿ ಬಂದು ಮಗ್ಳು ಬರೀ ಮೂಗು ತೋರ್ಸ್ತು ಅಂದ್ಕಂಡ್ ನಗಾಡ್ತೇ ಹೋದ್ರು."