ಪುಡಿ ಹಾಕದ ರಂಗೋಲಿ

ಇವತ್ತು ಬೆಳಿಗ್ಗೆ ಹಾಸನದ ನಮ್ಮ ಮನೆ ಮುಂದೆ, ಕಾರಿನ ಮೇಲೆ ಕೂತ ಧೂಳಲ್ಲಿ ಮಗಳು ಬೆರಳಿಂದ ರಂಗೋಲಿ ಬಿಡಿಸುತ್ತಿದ್ದಳು.

ಕಟ್ಟಾಯದ ಹತ್ತಿರದ ನಮ್ಮೂರಿನ ಗುಡ್ಡಕ್ಕೆ ಜಲ್ಲಿ ಕ್ರಷರ್ ಬಂದಾಗ ನಾನಿನ್ನೂ ಲಂಗ ಹಾಕುವ ಹುಡುಗಿ. ಗುಡ್ಡ ದಿನಾ ಸ್ವಲ್ಪ ಸ್ವಲ್ಪವೇ ಹಾರಿ ಬಂದು ನಮ್ಮ ಮೇಲೆ ಕೂರುತ್ತಿತ್ತು. ತುಳಸಿ ಬೆಳ್ಳಗಾಯಿತು. ಎಮ್ಮೆಯ ಕಣ್ಣುರೆಪ್ಪೆಯೂ ಬೆಳ್ಳಗಾಯಿತು.

ಅಜ್ಜಿ ಬೆಳಗಾಗೆದ್ದು ಬಾಗಿಲ ಮುಂದಿನ ಕರಿಕಲ್ಲು ತೊಳೆದು ರಂಗೋಲಿ ಇಟ್ಟರೆ, ಹೊತ್ತೇರುವುದರೊಳಗೆ ಎಳೆಗಳೆಲ್ಲ ಧೂಳಲ್ಲಿ ಮುಚ್ಚಿಹೋಗುತ್ತಿದ್ದವು. ಒಂದು ದಿನ ಅವಳು ಕಲ್ಲನ್ನೂ ತೊಳೆಯಲಿಲ್ಲ, ಪುಡಿ ಡಬ್ಬಿಯನ್ನೂ ತರಲಿಲ್ಲ. ಕಲ್ಲಿನ ಮೇಲಿದ್ದ ಧೂಳನ್ನೇ ಬೆರಳಲ್ಲಿ ಗೀರಿ ಎಳೆ ಬಿಟ್ಟಳು. ಬಿಳಿಯ ಮೇಲೆ ಕಪ್ಪು ರಂಗೋಲಿ ಮೂಡಿತು.

"ಪುಡಿ ಹಾಕಲ್ವಾ ಅಜ್ಜಿ?" ಅಂದೆ.

"ಇದೂ ಕಲ್ಲಿನ ಪುಡಿನೇ ಕಣವ್ವ. ಅವ್ರೇ ಆಕವ್ರೆ, ನಾನ್ ಬರೀ ಒರುಸ್ತಾ ಇವ್ನಿ," ಅಂದು ಕೆಮ್ಮತೊಡಗಿದಳು.

ಆ ಬೇಸಿಗೆ ಮುಗಿಯುವುದರೊಳಗೆ ಕೆಮ್ಮೇ ಅವಳನ್ನು ತಿಂದುಹಾಕಿತು. ಮಣ್ಣು ಮಾಡಿ ಬಂದು ನೋಡಿದರೆ, ಅವಳ ಕೊನೆಯ ರಂಗೋಲಿ ಇದ್ದ ಕಲ್ಲು ಒಂದೇ ಸಮ ಬೆಳ್ಳಗಿತ್ತು.

ಮಗಳು ಬೆರಳನ್ನು ಫ್ರಾಕಿಗೆ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಅಮ್ಮ, ನಿನ್ನೆ ಬಿಡಿಸಿದ್ದೂ ಮುಚ್ಚೋಗಿದೆ."